ಆರುನೂರೈವತ್ತು

ಕುಲುಮೆಯ ಬಾಗಿಲು ಮುಚ್ಚಿದವನು ನಾನೇ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ಯಾರೂ ಮುರ್ತಾಜನ ಕೈಯನ್ನು ದೂರಬಾರದು.

ಜುಗ್ದೀದಿಯ ನಮ್ಮ ಶೆಡ್ಡಿನಲ್ಲಿ, ಆ ಫೆಬ್ರವರಿ,
ಹನ್ನೊಂದು ಕೊಳವೆ, ಸ್ಟೇನ್‌ಲೆಸ್ ಸ್ಟೀಲು,
ಮೇಲಿನ ಬೆಟ್ಟದ ಖನಿಜನೀರಿನ ಕಾರ್ಖಾನೆಗೆ.
ಮುರ್ತಾಜ್ ಬೆಸೆದಿದ್ದ. ಬೆಸುಗೆಯ ಸಾಲೆಂದರೆ
ಒಂದಕ್ಕೊಂದು ಒರಗಿಸಿಟ್ಟ ನಾಣ್ಯ,
ಅಂಚಿಗೆ ಒಣಹುಲ್ಲಿನ ಬಣ್ಣ, ಆಚೆ ಒಂದೆಳೆ ನೀಲಿ.
ಸುತ್ತಿಗೆಯ ಹಿಡಿಯಿಂದ ತಟ್ಟಿದೆ:
ಠಣ್ ಅಂದದ್ದು ಅಂಗಳ ದಾಟಿ ಹೋಯಿತು.

ಆದರೂ ಬೆಸೆದದ್ದರೊಳಗೆ ಸೆಳೆತ ಉಳಿದಿರುತ್ತದೆ.
ಆರುವಾಗ ಒಂದು ಮಗ್ಗುಲು ಎಳೆಯುತ್ತ, ಇನ್ನೊಂದು ಬಿಡದೆ,
ನೆಂಟರ ಮುಂದೆ ನಗುತ್ತ ಒಳಗೇ ಹಲ್ಲು ಕಚ್ಚಿದ ಹಾಗೆ.
ಮೂವತ್ತು ವರ್ಷ ನಾನು ಮಾಡಿದ್ದು ಇಷ್ಟೇ:
ಕಪ್ಪು ಉಕ್ಕಿನ ಬಾಯ್ಲರು, ಹಂಡೆ, ಪೀಪಾಯಿ
ಕುಲುಮೆಗಿಟ್ಟು, ಆರುನೂರೈವತ್ತಕ್ಕೆ ಏರಿಸಿ,
ಕಾದು, ನಿಧಾನ ಇಳಿಸಿ,
ಕಚ್ಚಿದ ಹಲ್ಲು ಬಿಡಿಸುವುದು.
ಬಿಸಿ ಅಂದರೆ ಸಮಾಧಾನ ಅಂತಲೇ ನಂಬಿದ್ದವನು.

ಯಾರೂ ಹೇಳಿರಲಿಲ್ಲ. ಕಾಗದದಲ್ಲೂ ಇರಲಿಲ್ಲ.
ಒಳ್ಳೆಯದಾಗಲಿ ಅಂತ ಮಾಡಿದೆ.
ನಾಲ್ಕು ಗಂಟೆ. ಗ್ರಾಫಿನ ಗೆರೆ ನೂಲು ಹಿಡಿದಂತೆ ನೆಟ್ಟಗೆ.
ಪಕ್ಕದಲ್ಲಿ ಕೂತು ಮೆಕ್ಕೆಜೋಳದ ರೊಟ್ಟಿ ತಿಂದೆ, ಉಪ್ಪು ಚೀಸು ತಿಂದೆ,
ರಾತ್ರಿಯಿಡೀ ತಾನೇ ಆರಲಿ ಅಂತ ಬಿಟ್ಟು
ಮನೆಗೆ ಹೋಗಿ ಚೆನ್ನಾಗಿ ಮಲಗಿದೆ.

ಅಕ್ಟೋಬರಿನಲ್ಲಿ ಫೋನು. ಕೊಳವೆ ಬೆವರುತ್ತಿದೆ.
ಎಲ್ಲಿ?
ಬೆಸುಗೆಯ ಮಗ್ಗುಲಲ್ಲಿ. ಬೆಸುಗೆಯಿಂದ ಮೊಳ ದೂರದಲ್ಲಿ.
ಬೆಂಕಿಯ ಕಡ್ಡಿ ಮುಟ್ಟದೇ ಇದ್ದ ಕಡೆಯಲ್ಲೂ.
ಆಗಲೇ ನನಗೆ ಹೊಟ್ಟೆಯಲ್ಲಿ ಗೊತ್ತಾಯಿತು.

ಕುತೈಸಿಯಿಂದ ಎತೇರಿ ಬಂದಳು,
ಒಂದು ತುಂಡು ಕೊಯ್ದು, ಕನ್ನಡಿಯಾಗುವಂತೆ ಉಜ್ಜಿ,
ಆಮ್ಲ ತಾಗಿಸಿ, ಸೂಕ್ಷ್ಮದರ್ಶಕಕ್ಕಿಟ್ಟು
"ನೋಡು ಜುಂಬೇರ್" ಅಂದಳು.
ಲೋಹ ಅಂದರೆ ಒಂದೇ ಅಂದುಕೊಂಡಿದ್ದೆ. ಅಲ್ಲ,
ಹೊಲಗಳ ಹಾಗೆ ಕಣ, ಕಣದ ಪಕ್ಕ ಕಣ,
ನಡುವಣ ಬದುವೆಲ್ಲ ಕಪ್ಪಗೆ ಕೊರೆದುಹೋಗಿದೆ.

"ಅರೆಬಿಸಿಯಲ್ಲಿ ಹೆಚ್ಚು ಹೊತ್ತು ಕೂರಿಸಿದ್ದೀಯ.
ಇಂಗಾಲ ಗಡಿಗೆ ನಡೆದುಬಂದು
ಅಲ್ಲಿನ ಕ್ರೋಮಿಯಂ ಹಿಡಿದು ಹರಳುಗಟ್ಟಿದೆ.
ಊರ ನಡುವೆ ಎಲ್ಲ ಇದೆ,
ಬೇಲಿಯಂಚಿನವರಿಗೆ ಹೊದೆಯಲು ಏನೂ ಇಲ್ಲ.
ಉಪ್ಪುನೀರು ಬಂದು ಬಾಗಿಲು ತಟ್ಟುವುದು
ಅವರದ್ದನ್ನೇ."

ಮುರ್ತಾಜ್ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿ ನೋಡಿದ.
ಅವನ ತಾಯಿ ಎಂಗುರಿ ಹೊಳೆಯ ಆಚೆ ಇದ್ದಾಳೆ,
ತಿಂಗಳಿಗೊಮ್ಮೆ, ಸೇತುವೆ ತೆರೆದಿದ್ದರೆ,
ಒಂದು ಚೀಲ ಹೇಜಲ್ ಕಾಯಿ ಹೊತ್ತು ನಡೆದು ದಾಟುತ್ತಾಳೆ.
"ಇಗೋ ಇದು ನಮ್ಮ ಮನೆ" ಅಂದ, ಕಪ್ಪು ಗೆರೆಯೊಂದನ್ನು ತೋರಿಸಿ,
ತಾನೇ ನಕ್ಕ.
ಎತೇರಿ ಕನ್ನಡಕ ಒರೆಸಿಕೊಂಡಳು.

ನಾನು ಏನು ಮಾಡಬೇಕಿತ್ತು?
"ಏನೂ ಮಾಡದಿದ್ದರೆ ಆಗಿತ್ತು.
ಮಾಡಲೇಬೇಕಿದ್ದರೆ ಸಾವಿರದ ಐವತ್ತರ ಮೇಲೇರಿಸಿ
ಹರಳೆಲ್ಲ ಕರಗಿ ಒಳಸೇರುವ ತನಕ ಕಾಯಿಸಿ,
ಕೆಂಪಗಿರುವಾಗಲೇ ಎಳೆದು ನೀರಿಗೆ ದಬ್ಬಬೇಕಿತ್ತು.
ಕೊಳವೆ ಸೊಟ್ಟಗಾದರೆ ಆಗಲಿ.
ನಡುವೆ ತಂಗಬಾರದಿತ್ತು."

ಹದ ಅಂದರೆ ಮೂವತ್ತು ವರ್ಷ
ಒಂದೇ ಅಂಕಿ ಅಂತ ತಿಳಿದಿದ್ದೆ.

ಕೊಳವೆಗಳನ್ನು ಮತ್ತೆ ಮಾಡಿದರು, ಇಂಗಾಲ ಕಡಿಮೆಯ ಉಕ್ಕಿನಲ್ಲಿ.
ಮುರ್ತಾಜ್ ಬೆಸೆದ. ಕುಲುಮೆ ಹಚ್ಚಲಿಲ್ಲ;
ನಾನು ಆ ವಾರ ಶೆಡ್ಡು ಗುಡಿಸಿದೆ.

ಹಳೆಯದರಲ್ಲಿ ಒಂದು ತುಂಡು ಮನೆಗೆ ತಂದು
ದ್ರಾಕ್ಷಿಬಳ್ಳಿಗೆ ಆಸರೆ ಕೊಟ್ಟಿದ್ದೇನೆ.
ಈಗಲೂ ಹೊಳೆಯುತ್ತದೆ, ಮುಖ ಕಾಣುವಷ್ಟು.
ಬಂದವರು ಚೆನ್ನಾಗಿದೆಯಲ್ಲ ಅನ್ನುತ್ತಾರೆ.
ನಾನು ಹೋಗುತ್ತ ಬರುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತೇನೆ.
ಒದ್ದೆ ಸೌದೆಯ ಸದ್ದು.